ಚಿಂತೆಯ ರಾತ್ರಿ ಪಾಳಿ

ಕಳೆದ ವರ್ಷ ಕಾರ್ತಿಕಕ್ಕೆ ಇನ್ನೂ ಮೂರು ವಾರ ಇರುವಾಗ ಅಮ್ಮನ ಕುತ್ತಿಗೆಯಲ್ಲಿದ್ದ ಗಂಟಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ವರದಿ ಬರಲು ಆರು ದಿನ ಅಂದರು. ಮೊಬೈಲಿಗೆ ಒಂದು ಲಿಂಕ್ ಬಂತು. ಒತ್ತಿದರೆ ಅಮ್ಮನ ಹೆಸರು, ವಯಸ್ಸು, ಕೆಳಗೆ ಹಳದಿ ಬಣ್ಣದಲ್ಲಿ 'ಇನ್ ಪ್ರೊಸೆಸ್'. ಬೆಳಿಗ್ಗೆ ಒತ್ತಿದೆ, ಇನ್ ಪ್ರೊಸೆಸ್. ಆಫೀಸಿನ ಲಿಫ್ಟಿನಲ್ಲಿ ಒತ್ತಿದೆ, ಇನ್ ಪ್ರೊಸೆಸ್. ರಾತ್ರಿ ಎರಡೂವರೆಗೆ ಎದ್ದು ಒತ್ತಿದೆ. ಅಷ್ಟು ಹೊತ್ತಿನಲ್ಲಿ ಯಾರೂ ನಮ್ಮಮ್ಮನ ಗಂಟಿನ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಕೂತಿರುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಒತ್ತದೆ ಮಲಗಿದರೆ ಏನೋ ತಪ್ಪು ಮಾಡಿದ ಹಾಗೆ. ಗೇಟಿಗೆ ಬೀಗ ಹಾಕದೆ ಮಲಗಿದ ಹಾಗೆ.

ಮೂರನೇ ದಿನ ಬೆಳಿಗ್ಗೆ ಆಫೀಸಿನಲ್ಲಿ ನನ್ನ ಕಣ್ಣು ನೋಡಿ ಪಕ್ಕದ ಸೀಟಿನವರು ಕೇಳಿದರು, "ರಾತ್ರಿ ಕೆಲಸ ಜಾಸ್ತಿ ಇತ್ತಾ?" ಹೌದು ಅಂದೆ. ಸುಳ್ಳು ಹೇಳಿದೆ ಅಂತ ಅನ್ನಿಸಲೇ ಇಲ್ಲ. ಮೈಕೈ ನೋವು, ಭುಜ ಬಿಗಿದುಕೊಂಡಿತ್ತು, ಮೂಟೆ ಹೊತ್ತವನ ಹಾಗೆ ಸುಸ್ತು. ಏನೂ ಮಾಡದೆ ಮಂಚದ ಮೇಲೆ ಬಿದ್ದುಕೊಂಡಿದ್ದವನಿಗೆ ಇಷ್ಟು ಸುಸ್ತು ಎಲ್ಲಿಂದ ಬಂತು?

ಆಗ ತಲೆಗೆ ಹೊಕ್ಕ ಒಂದು ಸಣ್ಣ ವಿಷಯ ಇವತ್ತಿಗೂ ಬಿಟ್ಟಿಲ್ಲ. ಕನ್ನಡದಲ್ಲಿ ಸಿಟ್ಟು ಬರುತ್ತದೆ. ಖುಷಿ ಆಗುತ್ತದೆ. ಭಯ ಪಡುತ್ತೇವೆ, ಸಂಕಟ ಪಡುತ್ತೇವೆ. ಚಿಂತೆಯನ್ನು ಮಾತ್ರ 'ಮಾಡುತ್ತೇವೆ'. ಅಡುಗೆ ಮಾಡಿದ ಹಾಗೆ, ಬೇಸಾಯ ಮಾಡಿದ ಹಾಗೆ. 'ನನಗೆ ಅದೇ ಚಿಂತೆ ಆಗಿದೆ' ಅಂತ ಹೇಳುವುದೂ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಇನ್ನೊಬ್ಬರಿಗೆ ಸಮಾಧಾನ ಹೇಳುವಾಗ ಬಾಯಿಗೆ ಬರುವುದು 'ಚಿಂತೆ ಮಾಡಬೇಡ' ಅಂತಲೇ ಅಲ್ವಾ? ಈ ಮಾತನ್ನು ರೂಢಿಗೆ ತಂದವರಿಗೆ ಗೊತ್ತಿತ್ತೋ ಏನೋ, ಇದು ಕೂತು ಮಾಡುವ ಕೆಲಸ ಅಂತ. ಸಂಬಳ ಇಲ್ಲ, ವಾರದ ರಜೆ ಇಲ್ಲ, ಬಹುಪಾಲು ರಾತ್ರಿ ಪಾಳಿ.

ಬತ್ತಿ

ನಾಲ್ಕನೇ ರಾತ್ರಿ ನೀರು ಕುಡಿಯಲು ಎದ್ದರೆ ದೇವರ ಕೋಣೆಯಲ್ಲಿ ಲೈಟು ಉರಿಯುತ್ತಿತ್ತು. ಅಮ್ಮ ಗೋಡೆಗೆ ಒರಗಿ, ಕಾಲು ಚಾಚಿ ಕೂತು ಹೂಬತ್ತಿ ಮಾಡುತ್ತಿದ್ದಳು. ಆ ಕಾರ್ತಿಕಕ್ಕೆ ಲಕ್ಷಬತ್ತಿ ಹಚ್ಚುತ್ತೇನೆ ಅಂತ ಹರಕೆ ಹೊತ್ತಿದ್ದಳು. ಗಂಟು ಕಾಣಿಸಿಕೊಳ್ಳುವುದಕ್ಕೂ ಮುಂಚಿನ ಹರಕೆ. ಯುಗಾದಿ ಕಳೆದ ಮೇಲೆ ಶುರು ಮಾಡಿದ್ದು, ಊಟವಾದ ಮೇಲೆ, ಟೀವಿ ನೋಡುವಾಗ, ಫೋನಿನಲ್ಲಿ ಮಾತಾಡುವಾಗ, ಕೈ ಮಾತ್ರ ತನ್ನ ಪಾಡಿಗೆ ತಾನು ಹೊಸೆಯುತ್ತಾ ಇರುತ್ತಿತ್ತು. ಬೀಜ ತೆಗೆದ ಹತ್ತಿಯಿಂದ ಒಂದು ಚಿಟಿಕೆ ಕೀಳುವುದು, ಅದನ್ನು ನಾಣ್ಯದಷ್ಟು ಅಗಲಕ್ಕೆ ಹರವುವುದು, ಅಂಚನ್ನೆಲ್ಲ ಒಟ್ಟು ಮಾಡಿ ಹಿಡಿಯುವುದು, ಬೆರಳ ತುದಿಯನ್ನು ಹಾಲಿಗೆ ತಾಗಿಸಿ ಮೇಲಿನ ಕುಡಿಯನ್ನು ಒಂದೇ ಸಲ ಹೊಸೆಯುವುದು. ಬುಡ ಅಗಲ, ತುದಿ ಸೂಜಿ. ನೂರಾದರೆ ಒಂದು ಪೊಟ್ಟಣ. ಪೊಟ್ಟಣಕ್ಕೊಂದು ಗೀಟು, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ.

"ನಿದ್ದೆ ಬರ್ಲಿಲ್ವಾ?" ಅಂದೆ.

"ಇಲ್ಲ ಕಣೋ. ಸುಮ್ನೆ ಹೊರಳಾಡೋದಕ್ಕಿಂತ ಇದಾದ್ರೂ ಆಗುತ್ತೆ ಅಂತ."

ಇಲ್ಲಿ ನಾನು ಅಮ್ಮನನ್ನು ಸ್ಥಿತಪ್ರಜ್ಞಳು ಅಂತ ತೋರಿಸಲು ಹೊರಟಿಲ್ಲ. ಹೆದರಿಕೆ ಅವಳಿಗೂ ಇತ್ತು. ನನಗಿಂತ ಜಾಸ್ತಿಯೇ ಇದ್ದಿರಬೇಕು, ಗಂಟು ಅವಳ ಕುತ್ತಿಗೆಯದು ತಾನೇ. ನಡುನಡುವೆ ಎಡಗೈ ಬ್ಯಾಂಡೇಜಿನ ಹತ್ತಿರ ಹೋಗಿ ಬರುತ್ತಿತ್ತು. ಆದರೆ ಹೆದರಿಕೆ ಒಂದು ಕಡೆ ಇತ್ತು, ಕೈ ಇನ್ನೊಂದು ಕಡೆ ಇತ್ತು. ಎರಡೂ ಒಂದೇ ಮೈಯಲ್ಲಿ ಜಗಳವಿಲ್ಲದೆ ಇದ್ದವು. ನನ್ನಲ್ಲಿ ಹಾಗಿರಲಿಲ್ಲ. ನನ್ನ ಕೈಯನ್ನೂ ಹೆದರಿಕೆಯೇ ಬಾಡಿಗೆಗೆ ಹಿಡಿದಿತ್ತು, ಲಿಂಕ್ ಒತ್ತಲು.

ಹತ್ತಿಯ ಉಂಡೆಯನ್ನು ನನ್ನ ಕಡೆ ತಳ್ಳಿದಳು. ಕೂತೆ. ನಾನು ಮಾಡಿದ ಬತ್ತಿ ಒಂದೂ ನಿಲ್ಲಲಿಲ್ಲ. ಬುಡ ಕಡಿಮೆಯಾಗಿ ತುದಿ ದಪ್ಪವಾಗಿ ಎಲ್ಲ ಒಂದು ಕಡೆಗೆ ವಾಲುತ್ತಿದ್ದವು. ಅಮ್ಮ ಏನೂ ಹೇಳದೆ ಅವನ್ನು ಬೇರೆ ಬಟ್ಟಲಿಗೆ ಹಾಕಿದಳು. ಹತ್ತು ಹದಿನೈದು ಆದ ಮೇಲೆ, ಯಾಕೋ ಗೊತ್ತಿಲ್ಲ, ಯಾವತ್ತೂ ಯಾರಿಗೂ ಹೇಳದ ಮಾತು ಬಾಯಿಗೆ ಬಂತು.

"ಅಪ್ಪ ಹೋದರಲ್ಲ, ಅದರ ಹಿಂದಿನ ರಾತ್ರಿ ನಾನು ತುಂಬಾ ಚೆನ್ನಾಗಿ ನಿದ್ದೆ ಮಾಡಿದ್ದೆ ಅಮ್ಮ."

ಅಪ್ಪ ಹೋಗಿದ್ದು ಒಂದು ಮಂಗಳವಾರ ಬೆಳಿಗ್ಗೆ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ. ಆ ವಾರವೆಲ್ಲ ನಾನು ಚಿಂತೆ ಮಾಡಿದ್ದು ಒಂದು ಟ್ಯಾಕ್ಸ್ ನೋಟಿಸಿನ ಬಗ್ಗೆ. ಆಮೇಲೆ ಅದು ಏನೂ ಇಲ್ಲ ಅಂತ ಆಯಿತು. ಅವತ್ತಿನಿಂದ ಒಳಗೆಲ್ಲೋ ಒಂದು ಲೆಕ್ಕ ಕೂತುಬಿಟ್ಟಿದೆ: ನಾನು ಕಾವಲು ಬಿಟ್ಟಾಗಲೇ ಅದು ಒಳಗೆ ಬಂತು.

ಅಮ್ಮ ತಲೆ ಎತ್ತಲಿಲ್ಲ. "ನಾನೂ ಮಲಗಿದ್ದೆ ಕಣೋ. ಪಕ್ಕದಲ್ಲೇ. ಅವರೂ ಮಲಗಿದ್ರು. ಎಷ್ಟೋ ದಿನದ ಮೇಲೆ ಒಳ್ಳೇ ನಿದ್ದೆ ಬಂತು ಅಂದಿದ್ರು ಬೆಳಿಗ್ಗೆ."

ಇನ್ನೊಂದು ಬತ್ತಿ ಹೊಸೆದಳು. ಅಷ್ಟೆ.

ಯಾರೂ ಹೇಳದ ನಾಲ್ಕನೇ ಪಾದ

'ಕರ್ಮಣ್ಯೇವಾಧಿಕಾರಸ್ತೇ' ಕೇಳದವರು ಯಾರು? ಆಟೋದ ಹಿಂದೆ ಇದೆ, ಕ್ಯಾಲೆಂಡರಿನಲ್ಲಿದೆ, ನಿವೃತ್ತಿ ಸಮಾರಂಭದ ಭಾಷಣದಲ್ಲಿ ಇದ್ದೇ ಇರುತ್ತದೆ. ಹಿಂದೆ ನಾನಿದ್ದ ಒಂದು ಆಫೀಸಿನಲ್ಲಿ ಇನ್‌ಕ್ರಿಮೆಂಟ್ ಕೇಳಲು ಹೋದರೆ ಮೇಲಿನವರು ನಗುತ್ತಾ ಇದೇ ಶ್ಲೋಕ ಹೇಳುತ್ತಿದ್ದರು. ಅವರ ಬೋನಸ್ಸಿಗೆ ಅದು ಅನ್ವಯಿಸುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಬಹಳ ವರ್ಷ ಆ ಶ್ಲೋಕ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತಿತ್ತು. ಆಮೇಲೆ ಹೊಳೆಯಿತು, ಕೃಷ್ಣ ಇದನ್ನು ಹೇಳಿದ್ದು ಸಂಬಳ ಕೊಡುವವನ ಕುರ್ಚಿಯಲ್ಲಿ ಕೂತಲ್ಲ. ಸಾರಥಿಯ ಜಾಗದಲ್ಲಿ ಕೂತು. ರಥಕ್ಕೆ ಬಾಣ ಬಂದರೆ ಮೊದಲು ತಾಗುವುದು ಅಲ್ಲಿಗೇ.

ಗೀತೆಯ ಎರಡನೇ ಅಧ್ಯಾಯದ ಈ 47ನೇ ಶ್ಲೋಕಕ್ಕೆ ನಾಲ್ಕು ಪಾದ. ನಾವು ಎರಡನ್ನು ಹೇಳಿ ನಿಲ್ಲಿಸುತ್ತೇವೆ: ಕೆಲಸದಲ್ಲಿ ನಿನಗೆ ಅಧಿಕಾರ, ಫಲದಲ್ಲಿ ಇಲ್ಲ. ಮೂರನೆಯದು, ಫಲಕ್ಕೆ ನಾನೇ ಕಾರಣ ಅಂದುಕೊಳ್ಳಬೇಡ. ನಾಲ್ಕನೆಯದು 'ಮಾ ತೇ ಸಂಗೋಽಸ್ತ್ವಕರ್ಮಣಿ'. ಏನೂ ಮಾಡದೆ ಇರುವುದಕ್ಕೆ ಅಂಟಿಕೊಳ್ಳಬೇಡ. ನಾನು ಇದನ್ನು ಸೋಮಾರಿಗಳಿಗೆ ಹೇಳಿದ್ದು ಅಂದುಕೊಂಡಿದ್ದೆ. ನನಗಲ್ಲ, ನಾನು ಯಾವಾಗಲೂ ಏನಾದರೂ ಮಾಡುತ್ತಲೇ ಇರುತ್ತೇನಲ್ಲ.

ಐದನೇ ದಿನ ಬೆಳಿಗ್ಗೆ ಅಮ್ಮ ಕೇಳಿದಳು, "ಡಾಕ್ಟ್ರು ಹಳೇ ಸ್ಕ್ಯಾನ್ ರಿಪೋರ್ಟ್ ತನ್ನಿ ಅಂದಿದ್ರಲ್ಲ, ಹುಡುಕಿದ್ಯಾ?"

ಹುಡುಕಿರಲಿಲ್ಲ. ಐದು ದಿನ, ನಾಲ್ಕು ರಾತ್ರಿ, ನೂರಾರು ಸಲ ಆ ಲಿಂಕ್, ಇಂಟರ್ನೆಟ್ಟಿನಲ್ಲಿ ಕುತ್ತಿಗೆಯ ಗಂಟಿನ ಬಗ್ಗೆ ಓದಿದ್ದು ಒಂದು ಪರೀಕ್ಷೆ ಪಾಸಾಗುವಷ್ಟು. ಆದರೆ ನನ್ನ ಕೈಯಲ್ಲಿದ್ದ ಒಂದೇ ಒಂದು ಕೆಲಸ, ಬೀರುವಿನ ಮೇಲಿನ ಸೂಟ್‌ಕೇಸ್ ಇಳಿಸಿ ಹಳೇ ಫೈಲು ತೆಗೆಯುವುದು, ಅದು ಆಗಿರಲಿಲ್ಲ. ಇನ್ಶೂರೆನ್ಸ್ ಕಾರ್ಡ್ ಎಲ್ಲಿದೆ ಅಂತಲೂ ನೋಡಿರಲಿಲ್ಲ. ಚಿಂತೆ ನನ್ನ ಪೂರ್ತಿ ದಿನವನ್ನು ತಿಂದು, ಕೆಲಸ ಮಾಡಿದ ಸುಸ್ತನ್ನೂ ಕೊಟ್ಟು, ಕೆಲಸವನ್ನು ಮಾತ್ರ ಬಾಕಿ ಉಳಿಸಿತ್ತು. ಅಕರ್ಮ ಅಂದರೆ ಕೈಕಟ್ಟಿ ಕೂರುವುದು ಅಂತ ಅಂದುಕೊಂಡವನಿಗೆ ಅದು ಹೀಗೆ ಬೆವರು ಒರೆಸಿಕೊಳ್ಳುತ್ತಾ ಓಡಾಡುವ ವೇಷದಲ್ಲೂ ಬರುತ್ತೆ ಅಂತ ಗೊತ್ತಾಗಿದ್ದು ಆಗ.

ಫೈಲು ಸಿಗಲು ಇಪ್ಪತ್ತು ನಿಮಿಷ ಸಾಕಾಯಿತು.

ಐದರಲ್ಲಿ ಒಂದು ಪಾಲು

ಗೀತೆಯಲ್ಲಿ ನನ್ನಂಥ ಲೆಕ್ಕದವರಿಗೆ ಹೇಳಿ ಮಾಡಿಸಿದ ಒಂದು ಜಾಗ ಇದೆ. ಹದಿನೆಂಟನೇ ಅಧ್ಯಾಯದ 14ನೇ ಶ್ಲೋಕ. ಯಾವ ಕೆಲಸವೇ ಆಗಲಿ, ಅದು ನಡೆಯಲು ಐದು ಸೇರಬೇಕು ಅನ್ನುತ್ತದೆ. ಅಧಿಷ್ಠಾನ, ಅಂದರೆ ಕೆಲಸ ನಡೆಯುವ ನೆಲೆ, ಈ ದೇಹ. ಕರ್ತೃ, ಮಾಡುವವನು. ಕರಣ, ಉಪಕರಣಗಳು. ಚೇಷ್ಟೆ, ಬೇರೆ ಬೇರೆ ಪ್ರಯತ್ನಗಳು. ಐದನೆಯದು ದೈವ. ಮುಂದೆ ಎರಡು ಶ್ಲೋಕ ದಾಟಿದರೆ, ಹೀಗಿರುವಾಗ ತಾನೊಬ್ಬನೇ ಮಾಡುವವನು ಅಂದುಕೊಂಡವನು ಸರಿಯಾಗಿ ನೋಡುತ್ತಿಲ್ಲ ಅಂತ ಖಡಕ್ಕಾಗಿ ಹೇಳುತ್ತದೆ.

ನನಗೆ ಈ ಪಟ್ಟಿಯಲ್ಲಿ ದೈವಕ್ಕಿಂತ ಹಿಡಿಸಿದ್ದು ಅದಕ್ಕೆ ಕೊಟ್ಟ ಜಾಗ. ಎಲ್ಲವೂ ದೈವವೇ ಅಂದಿದ್ದರೆ ಸುಮ್ಮನೆ ಕೂರಬಹುದಿತ್ತು. ದೈವ ಇಲ್ಲವೇ ಇಲ್ಲ ಅಂದಿದ್ದರೆ ಎಲ್ಲ ನನ್ನ ತಲೆಗೇ ಬರುತ್ತಿತ್ತು. ಐದರಲ್ಲಿ ಒಂದು, ಅಷ್ಟೆ. ಹಾಗೆಯೇ ನಾನೂ ಐದರಲ್ಲಿ ಒಂದು. ಅಂದರೆ ಇಪ್ಪತ್ತು ಪರ್ಸೆಂಟಿನ ಪಾಲುದಾರ. (ಶ್ಲೋಕದಲ್ಲಿ ಸಮಪಾಲು ಅಂತ ಎಲ್ಲೂ ಹೇಳಿಲ್ಲ, ಇದು ನನ್ನ ವೃತ್ತಿಯ ಚಾಳಿ.) ಇಪ್ಪತ್ತು ಪರ್ಸೆಂಟ್ ಇಟ್ಟುಕೊಂಡು ನಾನು ಇಡೀ ಕಂಪನಿಯ ಮಾಲೀಕನ ಹಾಗೆ ರಾತ್ರಿಯೆಲ್ಲ ಒದ್ದಾಡುತ್ತಿದ್ದೆ. ನನ್ನ ಪಾಲಿನ ಕೆಲಸ ಅಂತ ಇದ್ದ ಫೈಲು ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಇಂಥ ಪಾಲುದಾರರನ್ನು ನಾನು ನಿಜಜೀವನದಲ್ಲೂ ನೋಡಿದ್ದೇನೆ. ಯಾರಿಗೂ ಅವರು ಇಷ್ಟವಾಗುವುದಿಲ್ಲ.

ಫಲ ಬಿಡುವುದು ಅಂದರೆ ಫಲ ಬೇಡ ಅನ್ನುವುದಾ ಅನ್ನುವ ಪ್ರಶ್ನೆಗೆ ನನಗೆ ಸಮಾಧಾನ ಸಿಕ್ಕಿದ್ದು ತಿಲಕರ ಕಥೆಯಲ್ಲಿ. 1908ರಲ್ಲಿ ಆರು ವರ್ಷದ ಶಿಕ್ಷೆಯಾಗಿ ಬಾಲಗಂಗಾಧರ ತಿಲಕರನ್ನು ಬರ್ಮಾದ ಮಂಡಾಲೆ ಜೈಲಿಗೆ ಕಳಿಸಿದರು. ಅಲ್ಲಿ ಅವರು ಪೆನ್ಸಿಲಿನಲ್ಲಿ ಬರೆದದ್ದೇ 'ಗೀತಾರಹಸ್ಯ'. ಗೀತೆಯ ಮುಖ್ಯ ಮಾತು ಕರ್ಮಯೋಗವೇ ಅಂತ ವಾದಿಸುವ ದೊಡ್ಡ ಪುಸ್ತಕ. ಕನ್ನಡಕ್ಕೆ ಅದನ್ನು ತಂದವರು ಆಲೂರು ವೆಂಕಟರಾಯರು. 1914ರಲ್ಲಿ ಬಿಡುಗಡೆಯಾದಾಗ ಹಸ್ತಪ್ರತಿ ಸರ್ಕಾರದ ವಶದಲ್ಲೇ ಉಳಿಯಿತು. ಅದು ವಾಪಸ್ ಬರುವುದಿಲ್ಲ ಅಂತ ಸುತ್ತಲಿನವರಿಗೆಲ್ಲ ಕಳವಳ. ತಿಲಕರು ಮಾತ್ರ, ಪುಸ್ತಕ ಅವರ ಹತ್ತಿರ ಇರಬಹುದು, ಅದರಲ್ಲಿರುವುದು ನನ್ನ ತಲೆಯಲ್ಲಿದೆ, ಕೂತು ಮತ್ತೆ ಬರೆಯುತ್ತೇನೆ ಅಂದರಂತೆ. ಹಸ್ತಪ್ರತಿ ಆಮೇಲೆ ವಾಪಸ್ ಬಂತು, 1915ರಲ್ಲಿ ಅಚ್ಚಾಯಿತು.

ಆ ಪುಸ್ತಕ ಅವರಿಗೆ ಬೇಡವಾಗಿತ್ತು ಅಂತ ಯಾರಾದರೂ ಹೇಳಲು ಸಾಧ್ಯವಾ? ಬೇಡವಾಗಿದ್ದರೆ ಮತ್ತೆ ಬರೆಯುವ ಮಾತೇ ಬರುತ್ತಿರಲಿಲ್ಲ. ಅದು ಕಳೆದುಹೋಗಬಹುದು ಅನ್ನುವುದನ್ನೂ ಅವರು ಅಲ್ಲಗಳೆಯಲಿಲ್ಲ. ಕಳೆದರೆ ಮುಂದಿನ ಕೆಲಸ ಏನು ಅನ್ನುವುದು ಮಾತ್ರ ಅವರಿಗೆ ಸ್ಪಷ್ಟವಿತ್ತು. ನನ್ನ ಚಿಂತೆಯಲ್ಲಿ ಯಾವಾಗಲೂ ಇಲ್ಲದಿರುವುದು ಇದೇ. ಅದು 'ಕೆಟ್ಟ ವರದಿ ಬಂದರೆ' ಅನ್ನುವ ಕಡೆಗೆ ಬಂದು ನಿಲ್ಲುತ್ತದೆ. ಬಂದರೆ ಯಾರಿಗೆ ಫೋನ್ ಮಾಡಬೇಕು, ಎಷ್ಟು ದಿನ ರಜೆ ಹಾಕಬೇಕು, ಅಲ್ಲಿಗೆ ಹೋಗುವುದೇ ಇಲ್ಲ. ಬಾಗಿಲಲ್ಲೇ ನಿಂತು ಅಳುತ್ತದೆ.

ಜ್ವರ

ಇನ್ನೊಂದು ಪದದ ಬಗ್ಗೆ ಹೇಳಬೇಕು. ಮೂರನೇ ಅಧ್ಯಾಯದ 30ನೇ ಶ್ಲೋಕದ ಕೊನೆಗೆ ಬರುತ್ತದೆ: 'ಯುಧ್ಯಸ್ವ ವಿಗತಜ್ವರಃ'. ಜ್ವರ ಬಿಟ್ಟವನಾಗಿ ಯುದ್ಧ ಮಾಡು. ಇಲ್ಲಿ ಜ್ವರ ಅಂದರೆ ಮನಸ್ಸಿನ ತಾಪ ಅಂತ ಭಾಷ್ಯಗಳಲ್ಲಿ ಅರ್ಥ ಹೇಳುತ್ತಾರೆ. ಆದರೆ ನನಗೆ ಅದನ್ನು ಬರೀ ಹೋಲಿಕೆ ಅಂತ ಓದಲು ಮನಸ್ಸಿಲ್ಲ. ಮೊದಲನೇ ಅಧ್ಯಾಯಕ್ಕೆ ಹೋಗಿ ಅರ್ಜುನ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತಾನೆ ನೋಡಿ. ಮೈ ಸೋಲುತ್ತಿದೆ, ಬಾಯಿ ಒಣಗುತ್ತಿದೆ, ನಡುಕ ಬರುತ್ತಿದೆ, ರೋಮ ನಿಂತಿದೆ, ಚರ್ಮ ಸುಡುತ್ತಿದೆ, ನಿಲ್ಲಲು ಆಗುತ್ತಿಲ್ಲ. ಯಾವ ಡಾಕ್ಟರ ಮುಂದೆ ಹೀಗೆ ಹೇಳಿದರೂ ಮೊದಲು ಥರ್ಮಾಮೀಟರ್ ಇಡುತ್ತಾರೆ.

ಜ್ವರ ಅಂದಕೂಡಲೇ ಒಂದು ಸಮಾಧಾನ ಇದೆ. ಜ್ವರ ಬಂದವನನ್ನು ಯಾರೂ ಬೈಯುವುದಿಲ್ಲ. 'ಧೈರ್ಯವಾಗಿರು, ಜ್ವರ ಬರಿಸಿಕೊಳ್ಳಬೇಡ' ಅಂತ ಯಾರೂ ಹೇಳುವುದಿಲ್ಲ. ಚಿಂತೆ ನಾವು ಮಾಡುವ ಕೆಲಸ ಅಂತ ಈಗಷ್ಟೇ ಹೇಳಿ, ಈಗ ಅದು ತಾನಾಗಿ ಬರುವ ಜ್ವರ ಅನ್ನುತ್ತಿದ್ದೀಯಲ್ಲ ಅಂತ ನೀವು ಕೇಳಬಹುದು. ಎರಡೂ ನಿಜ ಅಂತ ಕಾಣುತ್ತದೆ. ಬರುವುದು ಜ್ವರದ ಹಾಗೆ ಬರುತ್ತದೆ. ಆಮೇಲೆ ಅದನ್ನು ಕೂರಿಸಿಕೊಂಡು, ಕಾಫಿ ಕೊಟ್ಟು, ರಾತ್ರಿಯಿಡೀ ಮಾತಾಡಿಸುವುದು ನಾವು ಮಾಡುವ ಕೆಲಸ.

ಯಾಕೆ ಮಾತಾಡಿಸುತ್ತೇವೆ? ಇದಕ್ಕೂ ಗೀತೆಯಲ್ಲಿ ಒಂದು ಪದ ಸಿಕ್ಕಿತು, ಸ್ವಲ್ಪ ನಾಚಿಕೆಯಾಗುವ ಜಾಗದಲ್ಲಿ. ಹದಿನಾರನೇ ಅಧ್ಯಾಯದಲ್ಲಿ ಆಸುರೀ ಸ್ವಭಾವದವರನ್ನು ವರ್ಣಿಸುವಾಗ 'ಚಿಂತಾಮಪರಿಮೇಯಾಂ ಚ ಪ್ರಲಯಾಂತಾಮುಪಾಶ್ರಿತಾಃ' ಅಂತ ಬರುತ್ತದೆ. ಅಳತೆಗೆ ಸಿಗದ, ಸಾಯುವವರೆಗೂ ಮುಗಿಯದ ಚಿಂತೆಯನ್ನು ಆಶ್ರಯಿಸಿದವರು. ಅಲ್ಲಿ ಹೇಳುತ್ತಿರುವುದು ಭೋಗಕ್ಕೆ, ಹಣಕ್ಕೆ ಬಾಯಿಬಿಡುವವರ ವಿಷಯ, ಅಮ್ಮನ ವರದಿಗೆ ಕಾಯುವವರದ್ದಲ್ಲ. ಆದರೂ 'ಆಶ್ರಯಿಸಿದವರು' ಅನ್ನುವ ಪದ ನನ್ನನ್ನು ಹಿಡಿದು ನಿಲ್ಲಿಸಿತು. ನಾವು ಚಿಂತೆಯಿಂದ ತಪ್ಪಿಸಿಕೊಳ್ಳಲು ನೋಡುತ್ತೇವೆ ಅಂದುಕೊಂಡಿದ್ದೆ. ಅದರ ಸೂರಿನ ಕೆಳಗೇ ವಾಸ ಮಾಡುತ್ತಿದ್ದೇವೆ. ನನಗಂತೂ ಅಲ್ಲಿ ಒಂದು ಬೆಚ್ಚನೆ ಭರವಸೆ ಸಿಗುತ್ತಿತ್ತು: ಇಷ್ಟು ಒದ್ದಾಡಿದವನಿಗೆ ಕೆಟ್ಟದ್ದು ಆಗಲಿಕ್ಕಿಲ್ಲ. ಒದ್ದಾಡದವನಿಗೆ ಪ್ರೀತಿ ಇಲ್ಲ. ಅಪ್ಪನ ಮಂಗಳವಾರ ನನ್ನನ್ನು ಆ ಸೂರಿನ ಕೆಳಗೆ ಓಡಿಸಿತ್ತು.

ಅದೇ ಅಧ್ಯಾಯದಲ್ಲಿ, ಅದಕ್ಕೂ ಸ್ವಲ್ಪ ಮೊದಲು, ಒಂದು ಚಂದದ ಕ್ಷಣ ಇದೆ. ದೈವೀ ಗುಣ ಇವು, ಆಸುರೀ ಗುಣ ಇವು ಅಂತ ಕೃಷ್ಣ ಹೇಳುತ್ತಾ ಥಟ್ಟನೆ ಅನ್ನುತ್ತಾನೆ, 'ಮಾ ಶುಚಃ', ನೀನು ಕೊರಗಬೇಡ, ನಿನ್ನದು ದೈವೀ ಸ್ವಭಾವವೇ. ಹಾಗಾದರೆ ನಾನು ಯಾವ ಕಡೆಯವನು ಅಂತ ಅರ್ಜುನ ಒಳಗೊಳಗೇ ಯೋಚಿಸುತ್ತಿದ್ದುದನ್ನು ಕಂಡು ಹೀಗಂದ ಅಂತ ಶಂಕರರು ಬರೆಯುತ್ತಾರೆ. ಹದಿನೈದು ಅಧ್ಯಾಯ ಕೇಳಿದವನು, ವಿಶ್ವರೂಪವನ್ನೇ ಕಣ್ಣಾರೆ ಕಂಡವನು, ಇನ್ನೂ ಚಿಂತೆ ಮಾಡುತ್ತಿದ್ದಾನೆ! ಮುಂದೆ ಹದಿನೆಂಟರ ಕೊನೆಗೆ ಮತ್ತೊಂದು ಸಲ 'ಮಾ ಶುಚಃ' ಹೇಳಬೇಕಾಗುತ್ತದೆ. ಅದಾದ ಮೇಲೆ ಅರ್ಜುನ ಮೋಹ ಹೋಯಿತು, ನೆನಪು ಬಂತು ಅನ್ನುತ್ತಾನೆ. ಆದರೂ ಹದಿಮೂರನೇ ದಿನ ಅಭಿಮನ್ಯು ಸತ್ತಾಗ ಅವನು ಎಲ್ಲ ಅಪ್ಪಂದಿರ ಹಾಗೆ ಅತ್ತ. ಇನ್ನೂ ಮುಂದೆ, ಯುದ್ಧ ಮುಗಿದ ಮೇಲೆ, ಅಶ್ವಮೇಧಿಕ ಪರ್ವದಲ್ಲಿ ಬಂದು ಕೃಷ್ಣನಿಗೆ ಹೇಳುತ್ತಾನೆ: ಅವತ್ತು ನೀನು ಹೇಳಿದ್ದೆಲ್ಲ ನನಗೆ ಮರೆತುಹೋಗಿದೆ, ಇನ್ನೊಂದು ಸಲ ಹೇಳು. ಕೃಷ್ಣನಿಗೆ ಬೇಸರವಾಗುತ್ತದೆ, ಅದನ್ನು ಪೂರ್ತಿ ಮತ್ತೆ ಹೇಳಲು ನನ್ನಿಂದಲೂ ಆಗದು ಅನ್ನುತ್ತಾನೆ. ಆಮೇಲೆ ಬೇರೆ ರೀತಿಯಲ್ಲಿ ಹೇಳಿದ್ದೇ ಅನುಗೀತೆ.

ರಾತ್ರಿ ಎರಡೂವರೆಗೆ ನನಗೆ ಒಂದು ಶ್ಲೋಕವೂ ನೆನಪಾಗದಿದ್ದರೆ ನಾನು ಈಗ ನನ್ನನ್ನು ಬೈದುಕೊಳ್ಳುವುದಿಲ್ಲ. ಖುದ್ದಾಗಿ ಕೇಳಿಸಿಕೊಂಡವನಿಗೇ ನೆನಪಿರಲಿಲ್ಲ.

ವರದಿ

ಆರನೇ ದಿನ ಸಂಜೆ ಹಳದಿ ಹೋಗಿ ಹಸಿರು ಬಂತು. ಹೆದರುವಂಥದ್ದಲ್ಲ, ಆರು ತಿಂಗಳಿಗೊಮ್ಮೆ ನೋಡುತ್ತಿರೋಣ ಅಂದರು ಡಾಕ್ಟರು. ಹಳೇ ಸ್ಕ್ಯಾನ್ ತಂದಿದ್ದು ಒಳ್ಳೇದಾಯ್ತು, ಗಂಟು ಎರಡು ವರ್ಷದಿಂದ ಬೆಳೆದಿಲ್ಲ ಅಂತ ಗೊತ್ತಾಯ್ತಲ್ಲ ಅಂದರು. ಮನೆಗೆ ಬರುವಾಗ ದಾರಿಯಲ್ಲಿ ನನ್ನ ತಲೆಯೊಳಗೆ ಬಂದ ಮೊದಲ ಯೋಚನೆ ಯಾವುದು ಗೊತ್ತಾ? ಅಷ್ಟು ಚಿಂತೆ ಮಾಡಿದ್ದಕ್ಕೇ ಒಳ್ಳೇ ವರದಿ ಬಂತು. ಇಷ್ಟೆಲ್ಲ ಆದ ಮೇಲೂ! ಚಿಂತೆ ಎಷ್ಟು ಚಾಲಾಕಿ ಅಂದರೆ ಕೆಲಸ ಮಾಡದೆ ಬೋನಸ್ ಕೇಳುತ್ತದೆ. ಅವತ್ತು ನನಗೆ ನಗು ಬಂತು, ಅದೊಂದು ಹೊಸದು.

ಕಾರ್ತಿಕದಲ್ಲಿ ಬತ್ತಿ ಹಚ್ಚಿದ ದಿನ ಅಮ್ಮ ಪೊಟ್ಟಣಗಳ ಜೊತೆ ಆ ಬೇರೆ ಬಟ್ಟಲನ್ನೂ ತಂದಿದ್ದಳು. "ಇವು ನಿನ್ನವು" ಅಂದಳು. ಎಸೆದಿರುತ್ತಾಳೆ ಅಂದುಕೊಂಡಿದ್ದೆ. ಏಳು ತಿಂಗಳು ಹೊಸೆದದ್ದು ತುಪ್ಪದಲ್ಲಿ ನೆನೆದು, ಒಟ್ಟಿಗೆ ಹತ್ತಿಕೊಂಡು, ನಾವು ಪ್ರದಕ್ಷಿಣೆ ಮುಗಿಸಿ ಬರುವಷ್ಟರಲ್ಲಿ ಅರ್ಧ ಕರಗಿತ್ತು. ಅಮ್ಮ ಅದನ್ನು ನೋಡುತ್ತಾ ನಿಂತಿದ್ದಳು, ಸೆರಗಿನ ತುದಿ ಕೈಯಲ್ಲಿ ಹಿಡಿದು. ನನ್ನವು ಬೇರೆ ಹಣತೆಯಲ್ಲಿದ್ದವು. ಒಂದು ವಾಲಿ ತುಪ್ಪದಲ್ಲಿ ಮುಳುಗಿ ಆರಿತು. ಅಮ್ಮ ಊದುಬತ್ತಿಯ ಕಡ್ಡಿಯಿಂದ ಅದನ್ನು ಎತ್ತಿ, ಪಕ್ಕದ್ದಕ್ಕೆ ಒರಗಿಸಿ, ಮತ್ತೆ ಹಚ್ಚಿದಳು.

ಮುಂದಿನ ವಾರ ಮತ್ತೆ ತಪಾಸಣೆ. ಫೈಲು ಮೇಜಿನ ಮೇಲೆ ತೆಗೆದಿಟ್ಟಿದ್ದೇನೆ. ಬರುವಾಗ ಕಾಲು ಕೆಜಿ ಹತ್ತಿ ತಗೊಂಡು ಬಾ ಅಂದಿದ್ದಾಳೆ, ಬೀಜ ತೆಗೆದದ್ದು.